ಡಾರ್ವಿನ್ ಮನೆಯಲ್ಲಿ ಒಂದು ದಿನ

ಕೆಲವು ವರ್ಷಗಳ ಹಿಂದಿನ ಮಾತು. ಹತ್ತನೆಯ ತರಗತಿಗೆ ಜೀವವಿಕಾಸದ ಪಾಠ ಮಾಡುತ್ತಿದ್ದೆ. ಬೋರ್ಡಿನ ಮೇಲೆ ಗೆಲಪಾಗೊಸ್ ದ್ವೀಪದ ಫಿಂಚ್ ಹಕ್ಕಿಗಳ ಕೊಕ್ಕು ಬರೆದು, ಬೀಗಲ್ ಹಡಗಿನ ಕಥೆ ಹೇಳಿ ಮುಗಿಸಿ, ‘ಏನಾದರೂ ಪ್ರಶ್ನೆ ಇದೆಯೇ?’ ಎಂದು ಕೇಳಿದೆ. ಕೊನೆಯ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, ‘ಸಾರ್, ಡಾರ್ವಿನ್‌ಗೆ ಮದುವೆ ಆಗಿತ್ತಾ?’ ಎಂದಳು.

ತರಗತಿ ಗೊಳ್ಳೆಂದು ನಕ್ಕಿತು. ಆದರೆ ಪಾಠದ ಪುಸ್ತಕದ ಚಿತ್ರ ನೋಡಿದವರಿಗೆ ಆ ಅನುಮಾನ ಬರುವುದು ಸಹಜವೇ. ಎದೆಯವರೆಗೆ ಇಳಿದ ಬಿಳಿ ಗಡ್ಡ, ಮುಂದೆ ಚಾಚಿದ ಹುಬ್ಬು. ಸಂಸಾರದ ಗೊಡವೆಯೇ ಇಲ್ಲದ ಋಷಿಯ ಮುಖ.

‘ಆಗಿತ್ತಮ್ಮಾ, ಹತ್ತು ಮಕ್ಕಳೂ ಹುಟ್ಟಿದ್ದರು’ ಎಂದೆ. ಇನ್ನೂ ಜೋರಾಗಿ ನಕ್ಕರು.

‘ಯಾರನ್ನ ಮದುವೆ ಆಗಿದ್ರು ಸಾರ್?’

‘ಸೋದರಮಾವನ ಮಗಳನ್ನ.’

ಈ ಸಲ ಯಾರೂ ನಗಲಿಲ್ಲ. ನಮ್ಮ ಕಡೆ ಅದು ನಗುವ ವಿಷಯವಲ್ಲವಲ್ಲ. ಹುಡುಗಿ ಮಾತ್ರ ಕೂರದೆ ನಿಂತೇ ಇದ್ದಳು. ‘ಅವರ ಮಕ್ಕಳೆಲ್ಲ ಚೆನ್ನಾಗಿದ್ರಾ ಸಾರ್?’ ಎಂದು ಕೇಳಿದಳು. ಅಷ್ಟರಲ್ಲಿ ಗಂಟೆ ಹೊಡೆಯಿತು. ಅವಳ ಅಕ್ಕನನ್ನು ತಾಯಿಯ ತಮ್ಮನಿಗೇ ಕೊಡುವ ಮಾತುಕತೆ ಮನೆಯಲ್ಲಿ ನಡೆದಿದೆ ಎಂಬುದು ನನಗೆ ಆಮೇಲೆ ಗೊತ್ತಾಯಿತು.

ಆ ಪ್ರಶ್ನೆಗೆ ಸರಿಯಾದ ಉತ್ತರ ಕೊಡಬೇಕೆಂದು ಹುಡುಕುತ್ತಾ ಹೋದವನು ಡಾರ್ವಿನ್ನನ ಮನೆಯೊಳಗೇ ಹೊಕ್ಕೆ. ಅವನ ಮಗ ಫ್ರಾನ್ಸಿಸ್ ತಂದೆಯ ದಿನಚರಿಯನ್ನು ಗಂಟೆ-ನಿಮಿಷಗಳ ಸಮೇತ ಬರೆದಿಟ್ಟಿದ್ದಾನೆ. ಮಗಳು ಹೆನ್ರಿಯೆಟ್ಟಾ ತಾಯಿಯ ಕಾಗದಗಳನ್ನು ಕೂಡಿಸಿ ಎರಡು ಸಂಪುಟ ಮಾಡಿದ್ದಾಳೆ. ಡಾರ್ವಿನ್ ಬರೆದ, ಅವನಿಗೆ ಬಂದ ಕಾಗದಗಳಂತೂ ಸುಮಾರು ಹದಿನೈದು ಸಾವಿರ. ಕೇಂಬ್ರಿಜ್‌ನವರು ಅವನ್ನು 30 ಸಂಪುಟಗಳಲ್ಲಿ ಅಚ್ಚು ಮಾಡಿ 2023ರಲ್ಲಿ ಆ ಕೆಲಸ ಮುಗಿಸಿದರು. ಇಷ್ಟು ವಿವರವಾಗಿ ನಮಗೆ ಗೊತ್ತಿರುವ ಗಂಡ-ಹೆಂಡತಿಯರ ಜೋಡಿ ವಿಜ್ಞಾನದ ಚರಿತ್ರೆಯಲ್ಲಿ ಬಹಳ ಇಲ್ಲ.

ಕೊಟ್ಟು ತಂದ ಸಂಬಂಧ

1838ರ ಜುಲೈ. ಬೀಗಲ್ ಹಡಗಿನಿಂದ ಬಂದು ಎರಡು ವರ್ಷವಾಗುತ್ತಾ ಬಂದಿತ್ತು. ಇಪ್ಪತ್ತೊಂಬತ್ತು ವರ್ಷದ ಡಾರ್ವಿನ್ ಒಂದು ಹಾಳೆ ತೆಗೆದುಕೊಂಡು ಒಂದು ಕಡೆ ‘ಮದುವೆಯಾದರೆ’, ಇನ್ನೊಂದು ಕಡೆ ‘ಆಗದಿದ್ದರೆ’ ಎಂದು ಬರೆದ. ಅಂಗಡಿಯವರ ಜಮಾ-ಖರ್ಚಿನಂತೆಯೇ! ಆದರೆ ಸಮಯ ಹಾಳು, ಪುಸ್ತಕಕ್ಕೆ ದುಡ್ಡು ಉಳಿಯುವುದಿಲ್ಲ, ನೆಂಟರ ಮನೆಗೆ ಅಲೆಯಬೇಕು, ಸಂಜೆ ಹೊತ್ತು ಓದುವ ಹಾಗಿಲ್ಲ. ಲಾಭದ ಕಡೆ ಮಕ್ಕಳು, ಮುಪ್ಪಿನಲ್ಲಿ ಜೊತೆ, ಸಂಗೀತ, ಮಾತುಕತೆ. ಜೊತೆಗಾತಿಯ ಬಗ್ಗೆ ಬರೆಯುತ್ತಾ, ಏನೇ ಆಗಲಿ ನಾಯಿ ಸಾಕುವುದಕ್ಕಿಂತ ವಾಸಿ ಎಂಬರ್ಥದ ಒಂದು ಮಾತನ್ನೂ ಸೇರಿಸಿದ್ದಾನೆ. ಇದನ್ನು ನಾನು ನನ್ನ ಹೆಂಡತಿಗೆ ಓದಿ ಹೇಳಿದೆ. ‘ಕೊನೆಗೆ ನಾಯೀನೂ ಸಾಕಿದ್ರು ತಾನೆ?’ ಎಂದಳು. ಹೌದು, ಸಾಕಿದ್ದರು.

ಹಾಳೆಯ ಕೊನೆಯಲ್ಲಿ, ರೇಖಾಗಣಿತದ ಪ್ರಮೇಯ ಸಾಧಿಸಿದವನಂತೆ, ಮದುವೆಯಾಗುವುದೇ ಸರಿ ಎಂದು ತೀರ್ಮಾನವಾಯಿತು. ನವೆಂಬರಿನಲ್ಲಿ ಸೋದರಮಾವ ಜೊಸಾಯ ವೆಜ್‌ವುಡ್ಡನ ಊರಾದ ಮೇರ್‌ಗೆ ಹೋಗಿ ಅವನ ಮಗಳು ಎಮ್ಮಾಳನ್ನು ಕೇಳಿದ, ಅವಳು ಒಪ್ಪಿದಳು. 1839ರ ಜನವರಿ 29ರಂದು ಮದುವೆ. ಎಮ್ಮಾ ಗಂಡನಿಗಿಂತ ಒಂಬತ್ತು ತಿಂಗಳು ದೊಡ್ಡವಳು. ಅದಕ್ಕೂ ಒಂದೂವರೆ ವರ್ಷ ಮೊದಲೇ ಡಾರ್ವಿನ್ನನ ಅಕ್ಕ ಕ್ಯಾರೊಲಿನ್ ಎಮ್ಮಾಳ ಅಣ್ಣನ ಕೈಹಿಡಿದಿದ್ದಳು. ನಮ್ಮ ಹಳ್ಳಿಗಳಲ್ಲಿ ಇದನ್ನು ಕೊಟ್ಟು ತಂದ ಸಂಬಂಧ ಎನ್ನುತ್ತಾರೆ. ಒಂದು ಕಡೆ ಪಿಂಗಾಣಿ ಕಾರ್ಖಾನೆಯ ಶ್ರೀಮಂತ ಮನೆತನ, ಇನ್ನೊಂದು ಕಡೆ ಹೆಸರಾಂತ ವೈದ್ಯರ ಮನೆತನ. ಆಸ್ತಿಯೂ ಅಕ್ಕರೆಯೂ ಹೊರಗೆ ಹೋಗಬಾರದೆಂಬ ಲೆಕ್ಕಾಚಾರ ಎಲ್ಲ ದೇಶಗಳಲ್ಲೂ ಒಂದೇ ಎಂದು ಕಾಣುತ್ತದೆ.

ಲಂಡನ್ನಿನಲ್ಲಿ ಮೂರು ವರ್ಷ ಇದ್ದು, 1842ರ ಸೆಪ್ಟೆಂಬರಿನಲ್ಲಿ ಕೆಂಟ್ ಸೀಮೆಯ ಡೌನ್ ಎಂಬ ಹಳ್ಳಿಗೆ ಬಂದು ನೆಲೆಸಿದರು. ಲಂಡನ್ನಿಗೆ ಹದಿನಾರು ಮೈಲಿ. ಡಾರ್ವಿನ್ ಉಳಿದ ನಲವತ್ತು ವರ್ಷಗಳನ್ನು ಅದೇ ಮನೆಯಲ್ಲಿ ಕಳೆದ. ಐದು ವರ್ಷ ಭೂಮಿಯನ್ನೇ ಸುತ್ತಿ ಬಂದವನು ಆಮೇಲೆ ಬ್ರಿಟನ್ ಬಿಟ್ಟು ಕದಲಲಿಲ್ಲ. ಹೊಟ್ಟೆ ತೊಳಸುವುದು, ವಾಂತಿ, ತಲೆನೋವು, ಸುಸ್ತು. ಹೆಸರು ಹೇಳಲಾಗದ ಕಾಯಿಲೆಯೊಂದು ಜೀವಮಾನವಿಡೀ ಕಾಡಿತು. ಆರೈಕೆಯೆಲ್ಲ ಎಮ್ಮಾಳದು.

ಗಡಿಯಾರದಂತಹ ದಿನ

ನಡುವಯಸ್ಸು ದಾಟಿದ ಮೇಲೆ ಡಾರ್ವಿನ್ನನ ದಿನ ಹೇಗಿತ್ತೆಂದರೆ, ನಮ್ಮ ಶಾಲೆಯ ವೇಳಾಪಟ್ಟಿಯೂ ಅಷ್ಟು ಕಟ್ಟುನಿಟ್ಟಲ್ಲ. ಬೆಳಿಗ್ಗೆ ಎದ್ದು ಸಣ್ಣ ತಿರುಗಾಟ, ಏಳೂಮುಕ್ಕಾಲಕ್ಕೆ ತಿಂಡಿ. ಎಂಟರಿಂದ ಒಂಬತ್ತೂವರೆ ಕೆಲಸ. ತಲೆ ಚೆನ್ನಾಗಿ ಓಡುವುದು ಆಗಲೇ ಎಂದು ಅವನ ನಂಬಿಕೆ. ಒಂಬತ್ತೂವರೆಗೆ ಅಂಚೆ ನೋಡುವ ಹೊತ್ತು. ಮನೆಮಂದಿಯ ಕಾಗದಗಳನ್ನು ಓದಿ ಹೇಳುತ್ತಿದ್ದರು, ಅವನು ಸೋಫಾದ ಮೇಲೆ ಮಲಗಿ ಕೇಳುತ್ತಿದ್ದ. ಹತ್ತೂವರೆಯಿಂದ ಹನ್ನೆರಡರವರೆಗೆ ಮತ್ತೆ ಕೆಲಸ. ಅಲ್ಲಿಗೆ, ಇವತ್ತಿನ ಕೆಲಸ ಚೆನ್ನಾಗಿ ಆಯಿತು ಎಂದು ತೃಪ್ತಿಪಟ್ಟು ಎದ್ದುಬಿಡುತ್ತಿದ್ದ! ಸಂಜೆ ಇನ್ನೊಂದು ಗಂಟೆ ಸೇರಿಸಿದರೂ ದಿನಕ್ಕೆ ನಾಲ್ಕು ಗಂಟೆಯ ಒಳಗೆ. ಮಕ್ಕಳನ್ನು ಬೆಳಗಿನ ಜಾವ ನಾಲ್ಕಕ್ಕೆ ಎಬ್ಬಿಸಿ ಓದಲು ಕೂರಿಸುವ ತಂದೆ-ತಾಯಿಗಳು ಈ ಸಾಲನ್ನು ಎರಡು ಸಲ ಓದಬಹುದು. ಆದರೆ ಕಾಯಿಲೆ ಮಲಗಿಸದ ದಿನಗಳಲ್ಲಿ ಆ ನಾಲ್ಕು ಗಂಟೆಯನ್ನು ಅವನು ಸುಮ್ಮನೆ ತಪ್ಪಿಸುತ್ತಿರಲಿಲ್ಲ ಎಂಬುದನ್ನು ಮಕ್ಕಳೂ ಓದಬೇಕು.

ಮಧ್ಯಾಹ್ನ ಹನ್ನೆರಡಕ್ಕೆ ಹೊರಗೆ ತಿರುಗಾಟ. ಮಳೆ ಬರಲಿ, ಬಿಡಲಿ. ಪಕ್ಕದ ಜಮೀನುದಾರರಿಂದ ಒಂದೂವರೆ ಎಕರೆಯ ಪಟ್ಟಿಯೊಂದನ್ನು ಗೇಣಿಗೆ ಹಿಡಿದು, ಅದರಲ್ಲಿ ಗಿಡ ನೆಡಿಸಿ, ಸುತ್ತ ಮರಳು-ಜಲ್ಲಿಯ ದಾರಿ ಮಾಡಿಸಿದ್ದ. ಅದಕ್ಕೆ ‘ಸ್ಯಾಂಡ್‌ವಾಕ್’ ಎಂದು ಹೆಸರು. ದಿನಕ್ಕೆ ಇಷ್ಟು ಸುತ್ತು ಎಂದು ಲೆಕ್ಕ. ಆದರೆ ಯೋಚನೆಯಲ್ಲಿ ಮುಳುಗಿದವನಿಗೆ ಲೆಕ್ಕ ತಪ್ಪುತ್ತದೆ. ಅದಕ್ಕೆ ದಾರಿಯಲ್ಲಿ ಕಲ್ಲುಗಳ ಸಣ್ಣ ಗುಡ್ಡೆ ಇಟ್ಟುಕೊಂಡು, ಪ್ರತಿ ಸುತ್ತಿಗೂ ಒಂದೊಂದನ್ನು ಕಾಲಿನಿಂದ ಒದ್ದು ಪಕ್ಕಕ್ಕೆ ಸರಿಸುತ್ತಿದ್ದ. ನಮ್ಮ ದೇವಸ್ಥಾನಗಳಲ್ಲಿ ನೂರೆಂಟು ಪ್ರದಕ್ಷಿಣೆ ಹಾಕುವ ಅಜ್ಜಿಯರು ಕಡಲೆಕಾಳು ಹಿಡಿದು ಎಣಿಸುವುದಿಲ್ಲವೇ, ಹಾಗೆಯೇ.

ಊಟದ ನಂತರ ಪತ್ರಿಕೆ, ಕಾಗದ ಬರೆಯುವುದು. ಮೂರು ಗಂಟೆಗೆ ಮಲಗುವ ಕೋಣೆಯಲ್ಲಿ ಒರಗಿಕೊಂಡರೆ ಎಮ್ಮಾ ಕಾದಂಬರಿ ಓದಿ ಹೇಳುತ್ತಿದ್ದಳು. ಕಥೆ ದುಃಖದಲ್ಲಿ ಮುಗಿಯಬಾರದು. ಹಾಗೆ ಮುಗಿಯುವ ಕಾದಂಬರಿಗಳ ವಿರುದ್ಧ ಕಾನೂನು ಬರಬೇಕೆಂದು ಅವನ ವಾದ. ಪ್ರಪಂಚದಲ್ಲಿ ಬದುಕಿಗಾಗಿ ನಡೆಯುವ ಹೋರಾಟವನ್ನು ಅಷ್ಟು ನಿರ್ದಾಕ್ಷಿಣ್ಯವಾಗಿ ಬರೆದವನಿಗೆ ಕಥೆಯಲ್ಲಾದರೂ ಸುಖಾಂತ ಬೇಕಿತ್ತೋ ಏನೋ.

ರಾತ್ರಿ ಊಟವಾದ ಮೇಲೆ ಗಂಡ-ಹೆಂಡತಿ ಎದುರುಬದುರು ಕುಳಿತು ಬ್ಯಾಕ್‌ಗ್ಯಾಮನ್ ಆಡುತ್ತಿದ್ದರು. ಎರಡು ದಾಳ, ಒಬ್ಬೊಬ್ಬರಿಗೆ ಹದಿನೈದು ಕಾಯಿ; ನಮ್ಮ ಪಗಡೆಯನ್ನು ನೆನಪಿಸುವ ಆಟ. ದಿನಕ್ಕೆ ಎರಡೇ ಆಟ. ಡಾರ್ವಿನ್ ಎಂದಮೇಲೆ ಲೆಕ್ಕ ಬರೆದಿಡದೆ ಇರುತ್ತಾನೆಯೇ? 1876ರ ಜನವರಿಯಲ್ಲಿ ಅಮೆರಿಕದ ಸಸ್ಯವಿಜ್ಞಾನಿ ಏಸಾ ಗ್ರೇಗೆ ಬರೆದ ಕಾಗದದಲ್ಲಿ, ಎಮ್ಮಾ ಪಾಪ 2490 ಆಟ ಗೆದ್ದಿದ್ದಾಳೆ, ತಾನು 2795 ಗೆದ್ದಿದ್ದೇನೆ ಎಂದು ಜಯಘೋಷದೊಂದಿಗೆ ತಿಳಿಸಿದ್ದಾನೆ.

ಇಲ್ಲಿ ಮೇಷ್ಟರ ಬುದ್ಧಿ ಸುಮ್ಮನಿರುವುದಿಲ್ಲ. ಒಟ್ಟು 5285 ಆಟ. ದಿನಕ್ಕೆ ಎರಡರಂತೆ ಒಂದು ದಿನವೂ ಬಿಡದೆ ಆಡಿದರೂ ಏಳು ವರ್ಷಕ್ಕೆ ಮಿಕ್ಕಿತು. ಇಬ್ಬರೂ ಸಮಬಲರಾಗಿದ್ದು ಎಲ್ಲವೂ ದಾಳದ ಅದೃಷ್ಟವೇ ಆಗಿದ್ದರೆ ಒಬ್ಬೊಬ್ಬರಿಗೂ ಸುಮಾರು 2642 ಬರಬೇಕು. ಅದೃಷ್ಟದಲ್ಲಿ ಏರುಪೇರು ಇದ್ದೇ ಇರುತ್ತದೆ. ಎಷ್ಟು? ಒಟ್ಟು ಆಟಗಳ ವರ್ಗಮೂಲದ ಅರ್ಧ, ಎಂದರೆ ಇಲ್ಲಿ ಸುಮಾರು 36. ಇದರ ಮೂರರಷ್ಟು, 108ರ ಆಚೆಗೆ ಬರಿಯ ಅದೃಷ್ಟ ಹೋಗುವುದು ತೀರ ಅಪರೂಪ. ಡಾರ್ವಿನ್ನನ ಗೆಲುವು 152ರಷ್ಟು ಹೆಚ್ಚಿದೆ. ಆದ್ದರಿಂದ ಅವನು ಹೆಂಡತಿಗಿಂತ ಕೂದಲೆಳೆಯಷ್ಟು ಜಾಣ ಆಟಗಾರ ಎಂದು ಒಪ್ಪಬೇಕಾಗುತ್ತದೆ. ನೂರು ಆಟಕ್ಕೆ ಐವತ್ತಮೂರು. ಹೈಸ್ಕೂಲು ಮಕ್ಕಳು ನಾಣ್ಯ ಚಿಮ್ಮಿ ಈ ವರ್ಗಮೂಲದ ಸೂತ್ರವನ್ನು ಪರೀಕ್ಷಿಸಿ ನೋಡಬಹುದು. ನೂರು ಸಲ ಚಿಮ್ಮಿದರೆ ಏರುಪೇರು ಐದರ ಆಸುಪಾಸು.

ಆಟ ಮುಗಿದ ಮೇಲೆ ಎಮ್ಮಾ ಪಿಯಾನೊ ನುಡಿಸುವಳು. ಹತ್ತೂವರೆಗೆ ಮಲಗುವುದು.

ಬಾಬ್, ಪಾಲಿ ಮತ್ತು ಇತರರು

ಡಾರ್ವಿನ್ ಚಿಕ್ಕಂದಿನಿಂದ ನಾಯಿಗಳ ಮರುಳ. ಬೀಗಲ್ ಯಾತ್ರೆಗೆ ಹೊರಟಾಗ ಮನೆಯಲ್ಲಿ ಒಂದು ನಾಯಿ ಬಿಟ್ಟು ಹೋಗಿದ್ದ. ಪರಕೀಯರನ್ನು ಹತ್ತಿರ ಸೇರಿಸದ ಜಾತಿ. ಐದು ವರ್ಷ, ಎರಡು ದಿನ ಕಳೆದು ವಾಪಸು ಬಂದವನು ಅದು ಇದ್ದ ಕೊಟ್ಟಿಗೆಯ ಬಳಿ ನಿಂತು ಹಳೆಯ ರೀತಿಯಲ್ಲಿ ಕೂಗಿದ. ನಾಯಿ ಕುಣಿಯಲಿಲ್ಲ, ಬೊಗಳಲಿಲ್ಲ. ಅರ್ಧ ಗಂಟೆಯ ಹಿಂದೆ ಅಗಲಿದವರಂತೆ ಸುಮ್ಮನೆ ಹಿಂದೆ ಹೊರಟಿತಂತೆ. ಇದನ್ನು ಅವನು ಬರಿಯ ಅಕ್ಕರೆಯ ಕಥೆಯಾಗಿ ಬಿಡಲಿಲ್ಲ. ಮೂವತ್ತೈದು ವರ್ಷದ ನಂತರ, ಪ್ರಾಣಿಗಳಿಗೂ ನೆನಪಿನ ಶಕ್ತಿ ಇದೆ ಎನ್ನುವುದಕ್ಕೆ ಪುರಾವೆಯಾಗಿ ಪುಸ್ತಕದಲ್ಲಿ ಸೇರಿಸಿದ.

ಡೌನ್ ಮನೆಯಲ್ಲಿ ಬಾಬ್ ಎಂಬ ಕಪ್ಪು-ಬಿಳುಪಿನ ದೊಡ್ಡ ನಾಯಿ ಇತ್ತು. ಯಜಮಾನ ತಿರುಗಾಡಲು ಹೊರಟನೆಂದರೆ ಬಾಲ ಎತ್ತಿ ಠೀವಿಯಿಂದ ಮುಂದೆ ಮುಂದೆ. ಆದರೆ ದಾರಿಯಲ್ಲಿ ಬಲಕ್ಕೆ ತಿರುಗಿದರೆ ಗಾಜಿನ ಮನೆ. ಗಿಡಗಳನ್ನು ನೋಡಲು ಡಾರ್ವಿನ್ ಅಲ್ಲಿಗೆ ತಿರುಗಿದನೋ, ತಿರುಗಾಟ ತಪ್ಪಿತು ಎಂದು ಬಾಬ್‌ಗೆ ಗೊತ್ತಾಗಿ, ತಲೆ ಜೋತು, ಕಿವಿ ಬಾಲ ಇಳಿದು, ಇಡೀ ಮೈ ಕುಸಿಯುತ್ತಿತ್ತು. ಮನೆಯವರು ಅದಕ್ಕೆ ‘ಗಾಜಿನ ಮನೆಯ ಮುಖ’ ಎಂದು ಹೆಸರಿಟ್ಟಿದ್ದರು. 1872ರಲ್ಲಿ ಬಂದ ಭಾವಾಭಿವ್ಯಕ್ತಿಯ ಮೇಲಿನ ಪುಸ್ತಕದಲ್ಲಿ ಆ ಮುಖಕ್ಕೆ ಸ್ಥಾನ ಸಿಕ್ಕಿತು.

ಪಾಲಿಯ ಕಥೆ ಬೇರೆ. ಅದು ಮಗಳು ಹೆನ್ರಿಯೆಟ್ಟಾಳ ನಾಯಿ. ಒರಟು ಕೂದಲಿನ ಬಿಳಿಯ ಪುಟ್ಟ ಟೆರಿಯರ್. 1871ರಲ್ಲಿ ಮಗಳು ಮದುವೆಯಾಗಿ ಗಂಡನ ಮನೆಗೆ ಹೋದಳು, ನಾಯಿ ತವರಿನಲ್ಲೇ ಉಳಿಯಿತು. ಉಳಿದದ್ದು ಮುದುಕನ ಕಾಲಬುಡ ಸೇರಿತು. ಅವನು ಎಲ್ಲಾದರೂ ಪ್ರಯಾಣ ಹೋಗಿ ಬಂದರೆ ಏದುಸಿರು ಬಿಡುತ್ತಾ, ಕುರ್ಚಿಯಿಂದ ಕುರ್ಚಿಗೆ ನೆಗೆಯುತ್ತಾ ಕೋಣೆಯೆಲ್ಲ ಸುತ್ತುವುದು. ಅವನು ಬಾಗಿ ಕೆನ್ನೆ ಒಡ್ಡುವುದು. ಮೂಗಿನ ಮೇಲೆ ಬಿಸ್ಕತ್ತಿನ ಚೂರು ಇಟ್ಟು, ಒಳ್ಳೆಯ ಹುಡುಗಿಯಾಗಿರಬೇಕು ಎಂದು ಗಂಭೀರವಾಗಿ ಬುದ್ಧಿ ಹೇಳಿ, ಹಾರಿಸಿ ತಿನ್ನಿಸುವುದು.

ಪಾಲಿಯ ಬೆನ್ನಿನ ಮೇಲೆ ಸುಟ್ಟ ಗಾಯವಾಗಿ, ಅಲ್ಲಿ ಮತ್ತೆ ಹುಟ್ಟಿದ ಕೂದಲು ಬಿಳಿಯ ಬದಲು ಕೆಂಪಾಗಿತ್ತು. ಪಾಲಿಯ ಅಪ್ಪ ಕೆಂಪು ಬಣ್ಣದ ನಾಯಿ. ನೋಡಿ, ಅಪ್ಪನ ಗುಣ ಮಗಳ ಮೈಯಲ್ಲಿ ಅಡಗಿ ಕುಳಿತಿತ್ತು, ಸುಟ್ಟ ಮೇಲೆ ಹೊರಬಂತು ಎಂದು ಡಾರ್ವಿನ್ ಅದನ್ನು ಹೊಗಳುತ್ತಿದ್ದನಂತೆ. ತನ್ನ ಅನುವಂಶೀಯತೆಯ ಸಿದ್ಧಾಂತಕ್ಕೆ ಸಾಕ್ಷಿ ಹೇಳಲು ಬಂದ ನಾಯಿ! ಪ್ರತಿ ಅಂಗದಿಂದಲೂ ಸೂಕ್ಷ್ಮ ಕಣಗಳು ಹೊರಟು ಮುಂದಿನ ಪೀಳಿಗೆಗೆ ಹೋಗುತ್ತವೆ ಎಂಬ ಆ ಸಿದ್ಧಾಂತ ಆಮೇಲೆ ಬಿದ್ದುಹೋಯಿತು. ಅದೇ ಕಾಲದಲ್ಲಿ ಮೆಂಡೆಲ್ ಬಟಾಣಿ ಗಿಡಗಳಲ್ಲಿ ಸರಿಯಾದ ದಾರಿ ಕಂಡುಕೊಂಡಿದ್ದ. ಆದರೆ ಅಡಗಿದ ಗುಣ ಹೊರಬರುತ್ತದೆ ಎಂಬ ಅರ್ಧ ಮಾತಿನ ಮಟ್ಟಿಗೆ ಡಾರ್ವಿನ್ ಸುಳ್ಳು ಹೇಳಿರಲಿಲ್ಲ.

ಒಮ್ಮೆ ಪಾಲಿಯ ಮರಿಗಳನ್ನು, ಆ ಕಾಲದ ರೂಢಿಯಂತೆ, ಕೊಲ್ಲಿಸಿದರು. ಓದಲು ಕಷ್ಟವಾಗುತ್ತದೆ. ಮರಿ ಕಳೆದುಕೊಂಡ ತಾಯಿ ತನ್ನ ವಾತ್ಸಲ್ಯವನ್ನೆಲ್ಲ ಯಜಮಾನನ ಮೇಲೆ ಹರಿಸಿತು. ಕೈ ನೆಕ್ಕಿದಷ್ಟೂ ಅದಕ್ಕೆ ಸಾಲದು. ಡಾರ್ವಿನ್ ಅದನ್ನೂ ಗಮನಿಸಿ ಬರೆದಿದ್ದಾನೆ. ಇದೇ ದಂಪತಿಗಳು 1863ರಲ್ಲಿ ಕಾಡುಪ್ರಾಣಿಗಳನ್ನು ಹಿಡಿಯುವ ಹಲ್ಲಿನ ಉಕ್ಕಿನ ಬೋನುಗಳ ವಿರುದ್ಧ ಮನವಿ ಹೊರಡಿಸಿದ್ದರು. ಅದರಲ್ಲಿ ಮುಂದಾಳು ಎಮ್ಮಾ. ಕಾಲು ಸಿಕ್ಕಿಬಿದ್ದ ಪ್ರಾಣಿ ರಾತ್ರಿಯಿಡೀ ನರಳುವುದನ್ನು ತಪ್ಪಿಸುವಂತಹ ಬೋನು ಕಂಡುಹಿಡಿಯಿರಿ ಎಂಬುದು ಅವಳ ಒತ್ತಾಯ.

ಹುಡುಗಿಯ ಪ್ರಶ್ನೆ

ಮಕ್ಕಳು ಚೆನ್ನಾಗಿದ್ದರೇ?

ಹತ್ತರಲ್ಲಿ ಮೂವರು ಉಳಿಯಲಿಲ್ಲ. ಮೇರಿ ಎಂಬ ಹೆಣ್ಣುಮಗು ಮೂರು ವಾರಕ್ಕೇ ಹೋಯಿತು. ಎರಡನೆಯವಳು ಆ್ಯನಿ, ತಂದೆಗೆ ಅಚ್ಚುಮೆಚ್ಚು. 1851ರಲ್ಲಿ ಕಾಯಿಲೆ ಬಿದ್ದಾಗ ನೀರಿನ ಚಿಕಿತ್ಸೆಗೆಂದು ಮಾಲ್ವರ್ನ್‌ಗೆ ಕರೆದೊಯ್ದರು. ಎಮ್ಮಾ ತುಂಬು ಗರ್ಭಿಣಿ, ಮನೆ ಬಿಡುವಂತಿರಲಿಲ್ಲ. ಗಂಡ ಮಗಳ ಮಂಚದ ಪಕ್ಕ ಕುಳಿತು ಗಳಿಗೆಗೊಮ್ಮೆ ಎನ್ನುವಂತೆ ಕಾಗದ ಬರೆದ: ಈಗ ಎರಡು ಚಮಚ ಗಂಜಿ ಕುಡಿದಳು, ಈಗ ನಾಡಿ ಹೀಗಿದೆ. ಆ ಕಾಗದಗಳು ಡೌನ್ ತಲುಪುವ ಹೊತ್ತಿಗೆ ಅದರೊಳಗಿನ ಸುದ್ದಿ ಹಳತಾಗಿರುತ್ತಿತ್ತು. ಏಪ್ರಿಲ್ 23ರಂದು ಆ್ಯನಿ ತೀರಿಕೊಂಡಳು. ಹತ್ತು ವರ್ಷ. ಬಹುಶಃ ಕ್ಷಯ. ಮೂರು ವಾರಕ್ಕೆ ಎಮ್ಮಾಳಿಗೆ ಗಂಡು ಮಗು ಹುಟ್ಟಿತು. ಆ್ಯನಿಯ ಬರೆಯುವ ಪೆಟ್ಟಿಗೆಯನ್ನು ಎಮ್ಮಾ ಜೋಪಾನವಾಗಿ ಎತ್ತಿಟ್ಟಳು. ಅದು ವಂಶದವರ ಬಳಿ ಉಳಿದು ನಮ್ಮ ಕಾಲದವರೆಗೂ ಬಂದಿದೆ.

ಕೊನೆಯ ಮಗು ಚಾರ್ಲ್ಸ್ ವೇರಿಂಗ್ ಹುಟ್ಟಿದಾಗ ಎಮ್ಮಾಳಿಗೆ ನಲವತ್ತೆಂಟು. ಒಂದೂವರೆ ವರ್ಷದ ಆ ಮಗು 1858ರ ಜೂನ್ 28ರಂದು ಕೆಂಪುಜ್ವರದಿಂದ ಹೋಯಿತು. ಜುಲೈ 1ರಂದು ಲಂಡನ್ನಿನ ಲಿನಿಯನ್ ಸೊಸೈಟಿಯಲ್ಲಿ ಡಾರ್ವಿನ್ ಮತ್ತು ವಾಲೇಸರ ಪ್ರಬಂಧಗಳನ್ನು ಓದಿದರು. ಜೀವವಿಕಾಸಕ್ಕೆ ನಿಸರ್ಗದ ಆಯ್ಕೆಯೇ ಕಾರಣ ಎಂಬ ಮಾತು ಲೋಕಕ್ಕೆ ಕೇಳಿದ್ದು ಅಂದು. ಅದೇ ದಿನ ಡಾರ್ವಿನ್ ಡೌನ್‌ನಲ್ಲಿ ಮಗುವನ್ನು ಮಣ್ಣು ಮಾಡುತ್ತಿದ್ದ.

ನಮ್ಮ ನೆಂಟಸ್ತಿಕೆಯೇ ಮಕ್ಕಳಿಗೆ ಮುಳುವಾಯಿತೇ ಎಂಬ ಕೊರಗು ಡಾರ್ವಿನ್ನನನ್ನು ಬಿಡಲಿಲ್ಲ. ಗಾಜಿನ ಮನೆಯಲ್ಲಿ ಹನ್ನೊಂದು ವರ್ಷ ಗಿಡಗಳ ಮೇಲೆ ಪ್ರಯೋಗ ಮಾಡಿದ. ತನ್ನ ಪರಾಗದಿಂದಲೇ ಕಾಯಿಕಟ್ಟಿದ ಗಿಡದ ಸಂತತಿ, ಬೇರೆ ಗಿಡದ ಪರಾಗ ಪಡೆದದ್ದರ ಸಂತತಿಗಿಂತ ಸಾಮಾನ್ಯವಾಗಿ ಕುಳ್ಳು, ನಿಶ್ಶಕ್ತ ಎಂದು ಕಂಡಿತು. 1871ರ ಜನಗಣತಿಯಲ್ಲಿ, ನೀವು ದಾಯಾದಿ-ಸೋದರಿಕೆಯಲ್ಲಿ ಮದುವೆಯಾದವರೇ, ನಿಮ್ಮ ಮಕ್ಕಳೆಷ್ಟು ಎಂಬ ಪ್ರಶ್ನೆ ಸೇರಿಸಬೇಕೆಂದು ನೆರೆಯ ಲಬಕ್ ಮೂಲಕ ಪಾರ್ಲಿಮೆಂಟಿನಲ್ಲಿ ಕೇಳಿಸಿದ. ಪಾರ್ಲಿಮೆಂಟು ಒಪ್ಪಲಿಲ್ಲ. ಆಮೇಲೆ ಮಗ ಜಾರ್ಜ್ ತಾನೇ ಅಂಕಿಅಂಶ ಕೂಡಿಸಿ, 1875ರಲ್ಲಿ, ಅಪಾಯ ಜನ ಹೇಳುವಷ್ಟು ದೊಡ್ಡದೇನಲ್ಲ ಎಂದು ತೋರಿಸಿದ. ಜಾರ್ಜ್, ಫ್ರಾನ್ಸಿಸ್, ಹೊರೇಸ್ ಮೂವರೂ ರಾಯಲ್ ಸೊಸೈಟಿಯ ಫೆಲೋಗಳಾದವರು. ಉಳಿದ ಮಕ್ಕಳೂ ದೊಡ್ಡ ವಯಸ್ಸಿನವರೆಗೆ ಬಾಳಿದರು.

ಈಗ ನಮಗೆ ಗೊತ್ತಿರುವುದು ಇಷ್ಟು. ಸೋದರಮಾವನ ಅಥವಾ ಸೋದರತ್ತೆಯ ಮಕ್ಕಳು ತಮ್ಮ ಜೀನುಗಳಲ್ಲಿ ಸರಾಸರಿ ಎಂಟನೇ ಒಂದು ಪಾಲನ್ನು ಹಂಚಿಕೊಂಡಿರುತ್ತಾರೆ. ಸೋದರಮಾವ-ಸೊಸೆಯಾದರೆ ನಾಲ್ಕನೇ ಒಂದು ಪಾಲು. ಇಬ್ಬರಲ್ಲೂ ಒಂದೇ ದೋಷದ ಜೀನು ಅಡಗಿದ್ದರೆ ಅದು ಮಗುವಿನಲ್ಲಿ ಜೋಡಿಯಾಗಿ ಕಾಣಿಸಿಕೊಳ್ಳುವ ಸಂಭವ ಹೆಚ್ಚು. ಪಾಲಿಯ ಬೆನ್ನಿನ ಕೆಂಪು ಕೂದಲಿನಷ್ಟು ತಮಾಷೆಯ ವಿಷಯವಲ್ಲ. ಸಂಬಂಧವಿಲ್ಲದ ದಂಪತಿಗಳಲ್ಲೂ ನೂರಕ್ಕೆ ಎರಡು-ಮೂರು ಮಕ್ಕಳಿಗೆ ಹುಟ್ಟಿನ ನ್ಯೂನತೆ ಇರುತ್ತದೆ. ಮಾವನ ಮಕ್ಕಳಲ್ಲಿ ಮದುವೆಯಾದರೆ ಅದಕ್ಕೆ ಇನ್ನೂ ಸುಮಾರು ಎರಡು-ಮೂರು ಸೇರುತ್ತದೆ. ಸೋದರಮಾವನನ್ನೇ ಆದರೆ ಇನ್ನೂ ಹೆಚ್ಚು. ತಲೆತಲಾಂತರದಿಂದ ಮನೆತನದೊಳಗೇ ಕೊಟ್ಟು ತಂದಿದ್ದರೆ ಲೆಕ್ಕ ಬೆಳೆಯುತ್ತಾ ಹೋಗುತ್ತದೆ. ಹೆದರಿಸುವುದಕ್ಕಲ್ಲ, ಮುಚ್ಚಿಡುವುದಕ್ಕೂ ಅಲ್ಲ.

ಇದನ್ನೇ ಮಾರನೆಯ ದಿನ ತರಗತಿಯಲ್ಲಿ ಹೇಳಿದೆ. ಆ ಹುಡುಗಿ ನೋಟ್‌ಬುಕ್ಕಿನಲ್ಲಿ 1/8, 1/4 ಎಂದು ಬರೆದುಕೊಂಡಳು. ಒಂದು ವಾರದ ನಂತರ ಅವಳ ತಂದೆ ಶಾಲೆಗೆ ಬಂದು, ‘ಏನ್ ಮೇಷ್ಟ್ರೇ, ಪಾಠ ಮಾಡ್ತೀರೋ, ಮನೆ ಮುರೀತೀರೋ?’ ಎಂದು ಕೇಳಿದರು. ನಾನು ಅವರನ್ನು ಕೂರಿಸಿ, ನೀರು ಕೊಟ್ಟು, ನಿಜ ಹೇಳಿದೆ: ನನ್ನ ಹೆಂಡತಿಯೂ ನನ್ನ ಸೋದರಮಾವನ ಮಗಳೇ. ನಮಗೆ ಇಬ್ಬರು ಮಕ್ಕಳು, ಇಬ್ಬರೂ ಚೆನ್ನಾಗಿದ್ದಾರೆ. ಆದರೂ ಹೆಂಡತಿಯ ತಮ್ಮ ತನ್ನ ಮಗನಿಗೆ ನಮ್ಮ ಮಗಳನ್ನು ಕೇಳಿದಾಗ ನಾವಿಬ್ಬರೂ ಬೇಡವೆಂದೆವು. ಅವನು ಎರಡು ವರ್ಷ ನಮ್ಮ ಮನೆಯ ಹೊಸ್ತಿಲು ತುಳಿಯಲಿಲ್ಲ. ಆ ಎರಡು ವರ್ಷ ನನ್ನ ಹೆಂಡತಿ ಗೌರಿಹಬ್ಬದ ಬಾಗಿನ ಕಾಯುತ್ತಾ ಕುಳಿತದ್ದನ್ನು ನಾನು ಕಂಡಿದ್ದೇನೆ. ಅವರು ಏನೂ ಮಾತಾಡದೆ ಎದ್ದು ಹೋದರು. ಅಕ್ಕನ ಮದುವೆ ಏನಾಯಿತೆಂದು ನಾನು ಕೇಳಲಿಲ್ಲ.

ಮಾತಿಲ್ಲದ ಜಾಗ

ಡಾರ್ವಿನ್ ದಂಪತಿಗಳ ನಡುವೆಯೂ ಅಂತಹ ಒಂದು ಜಾಗ ಇತ್ತು. ಎಮ್ಮಾ ದೈವಭಕ್ತೆ. ಗಂಡನ ನಂಬಿಕೆ ಸಡಿಲವಾಗುತ್ತಿದೆ ಎಂದು ಮದುವೆಗೆ ಮುಂಚೆಯೇ ಅವಳಿಗೆ ಗೊತ್ತಿತ್ತು, ಅವನು ಮುಚ್ಚಿಟ್ಟಿರಲಿಲ್ಲ. ಮದುವೆಯಾದ ಹೊಸತರಲ್ಲಿ ಅವಳು ಅವನಿಗೆ ಒಂದು ಕಾಗದ ಬರೆದಳು. ಸತ್ತ ಮೇಲೂ ನಾವಿಬ್ಬರೂ ಜೊತೆಯಾಗಿರುತ್ತೇವೆಯೋ ಇಲ್ಲವೋ ಎಂಬುದೇ ಅದರ ಅಳಲು. ಜಗಳವಿಲ್ಲ, ಆಣೆ ಇಡುವುದಿಲ್ಲ. ಡಾರ್ವಿನ್ ಆ ಕಾಗದವನ್ನು ಜೀವಮಾನವಿಡೀ ಇಟ್ಟುಕೊಂಡ. ಇದಕ್ಕೆ ಮುತ್ತಿಟ್ಟು ಎಷ್ಟೋ ಸಲ ಅತ್ತಿದ್ದೇನೆ, ನಾನು ಸತ್ತ ಮೇಲೆ ನಿನಗೆ ತಿಳಿಯಲಿ ಎಂಬರ್ಥದ ಮಾತನ್ನು ಅದರ ಮೇಲೆ ಬರೆದಿಟ್ಟ.

1844ರಲ್ಲಿ ಸಿದ್ಧಾಂತದ ಕರಡು ಮುಗಿದಾಗ, ನಾನು ಅಕಸ್ಮಾತ್ ಸತ್ತರೆ ಇದನ್ನು ಅಚ್ಚು ಹಾಕಿಸು, 400 ಪೌಂಡು ತೆಗೆದಿಡು ಎಂದು ಪತ್ರ ಬರೆದಿಟ್ಟದ್ದು ಯಾರಿಗೆ? ತನ್ನ ನಂಬಿಕೆಗೆ ಈ ಸಿದ್ಧಾಂತ ಪೆಟ್ಟು ಕೊಡುತ್ತದೆ ಎಂದು ಅಂಜಿದ್ದ ಅದೇ ಎಮ್ಮಾಳಿಗೆ. 1859ರಲ್ಲಿ ‘ಪ್ರಭೇದಗಳ ಉಗಮ’ ಅಚ್ಚಾಗುವಾಗ ಕರಡು ತಿದ್ದಲು ಕುಳಿತವರಲ್ಲಿ ಅವಳೂ ಒಬ್ಬಳು.

ಹಾಗೆಂದು ಗಂಡನ ವಿಜ್ಞಾನವೆಲ್ಲ ಅವಳಿಗೆ ರುಚಿಸುತ್ತಿತ್ತು ಎಂದಲ್ಲ. ಒಮ್ಮೆ ವಿಜ್ಞಾನಿಗಳ ಸಭೆಯಲ್ಲಿ ಪಕ್ಕ ಕುಳಿತಿದ್ದ ಅವಳಿಗೆ, ಪಾಪ, ನಿನಗೆ ಬೇಜಾರಾಗುತ್ತಿರಬೇಕು ಎಂದು ಡಾರ್ವಿನ್ ಹೇಳಿದ್ದಕ್ಕೆ, ಉಳಿದವಕ್ಕಿಂತ ಹೆಚ್ಚೇನಿಲ್ಲ ಎಂದಳಂತೆ! ಕೀಟ ಹಿಡಿದು ತಿನ್ನುವ ಡ್ರೊಸೆರಾ ಗಿಡದ ಹಿಂದೆ ಅವನು ಬಿದ್ದಾಗ, ಅದು ಪ್ರಾಣಿಯೇ ಎಂದು ಸಾಧಿಸುವ ಆಸೆ ಇವರಿಗೆ ಎಂದು ಗೆಳತಿಗೆ ಕಾಗದ ಬರೆದಳು.

ಮಕ್ಕಳಂತೂ ಆ ಮನೆಯನ್ನು ಪ್ರಯೋಗಶಾಲೆಯೆಂದು ಭಾವಿಸಲೇ ಇಲ್ಲ. ಗಂಡು ದುಂಬಿಗಳು ಹಾರುವ ದಾರಿ ಪತ್ತೆ ಮಾಡಲು ಡಾರ್ವಿನ್ ಐದಾರು ಮಕ್ಕಳನ್ನು ತೋಟದ ಒಂದೊಂದು ಮೂಲೆಯಲ್ಲಿ ನಿಲ್ಲಿಸುತ್ತಿದ್ದ. ದುಂಬಿ ಬಂದ ಕಡೆಯವರು ಕೂಗಬೇಕು. ನಾಲ್ಕು ವರ್ಷದ ಮಗನೊಬ್ಬ ಕೆಲಸದ ಹೊತ್ತಿನಲ್ಲಿ ಕೋಣೆಗೆ ಬಂದು, ಆರು ಪೆನ್ಸ್ ಕೊಡುತ್ತೇನೆ, ಆಡಲು ಬಾ ಎಂದು ಕರೆದಿದ್ದ. ‘ಪ್ರಭೇದಗಳ ಉಗಮ’ದ ಹಸ್ತಪ್ರತಿಯ ಕೆಲವು ಹಾಳೆಗಳು ಉಳಿದಿರುವುದೇ ಅವುಗಳ ಹಿಂಬದಿಯಲ್ಲಿ ಮಕ್ಕಳು ಚಿತ್ರ ಬರೆದದ್ದರಿಂದ. ತರಕಾರಿ ಸೈನಿಕರಿಗೂ ಹಣ್ಣಿನ ಸೈನಿಕರಿಗೂ ಯುದ್ಧ!

ಎರೆಹುಳುಗಳಿಗೆ ಸಂಗೀತ

ಮುದಿವಯಸ್ಸಿನಲ್ಲಿ ಹಿಡಿದ ಕೆಲಸ ಎರೆಹುಳುಗಳದು. ಹಳೆಯ ಋಣ ಅದು. ಮದುವೆಗೂ ಮೊದಲು ಎಮ್ಮಾಳ ತಂದೆಯೇ ಹೊಲ ತೋರಿಸಿ, ಮೇಲೆ ಚೆಲ್ಲಿದ ಬೂದಿ-ಸುಣ್ಣ ಕೆಲವು ವರ್ಷಗಳಲ್ಲಿ ಮಣ್ಣಿನ ಕೆಳಗೆ ಹೋಗಿದೆ, ಇದು ಎರೆಹುಳುವಿನ ಕೆಲಸವಿರಬೇಕು ಎಂದಿದ್ದ. ಮಾವನ ಮಾತನ್ನು ಅಳಿಯ ನಲವತ್ತಕ್ಕೂ ಹೆಚ್ಚು ವರ್ಷ ಮರೆಯಲಿಲ್ಲ.

ಅಷ್ಟರಲ್ಲಿ ಮನೆಯಲ್ಲಿ ಮತ್ತೆ ಮಗುವಿನ ಸದ್ದು. 1876ರಲ್ಲಿ ಫ್ರಾನ್ಸಿಸನ ಹೆಂಡತಿ ಬಾಣಂತಿಯಾಗಿ ತೀರಿಕೊಂಡಾಗ, ಮಗನನ್ನೂ ಮೊಮ್ಮಗ ಬರ್ನಾರ್ಡನನ್ನೂ ಮನೆಗೆ ತಂದಿಟ್ಟುಕೊಂಡರು. ಅರವತ್ತೆಂಟು ವರ್ಷದ ಎಮ್ಮಾ ಮತ್ತೆ ತೊಟ್ಟಿಲು ತೂಗಿದಳು. ಮರುವರ್ಷ ಗಂಡನ ಜೊತೆ ಬಿಸಿಲಿನಲ್ಲಿ ಸ್ಟೋನ್‌ಹೆಂಜ್‌ಗೆ ಹೋದಳು. ಪುರಾತನ ಕಲ್ಲುಗಳನ್ನು ನೋಡಲಲ್ಲ, ಬಿದ್ದ ಕಲ್ಲುಗಳನ್ನು ಎರೆಹುಳು ಎಷ್ಟು ಹೂತಿವೆ ಎಂದು ಅಳೆಯಲು.

ಕುಂಡಗಳಲ್ಲಿ ಹುಳು ಸಾಕಿ, ಅವಕ್ಕೆ ಕಿವಿ ಇದೆಯೇ ಎಂದು ಪರೀಕ್ಷೆ ನಡೆಯಿತು. ಪಕ್ಕದಲ್ಲಿ ಸೀಟಿ ಊದಿದರು, ಬಸೂನ್ ನುಡಿಸಿದರು, ಕೂಗಿದರು. ಹುಳುಗಳು ಅಲುಗಲಿಲ್ಲ. ಪಿಯಾನೊ ಜೋರಾಗಿ ನುಡಿಸಿದರೂ ಇಲ್ಲ. ಆದರೆ ಕುಂಡವನ್ನು ಎಮ್ಮಾಳ ಪಿಯಾನೊ ಮೇಲೆಯೇ ಇಟ್ಟು ಒಂದು ಮಂದ್ರ ಸ್ವರ ಒತ್ತಿದಾಕ್ಷಣ ಹುಳುಗಳು ಬಿಲದೊಳಗೆ! ಗಾಳಿಯ ಶಬ್ದ ಅವಕ್ಕೆ ಕೇಳಿಸದು, ನೆಲದ ಕಂಪನ ತಿಳಿಯುತ್ತದೆ. ಇಂಗ್ಲೆಂಡಿನ ಎಷ್ಟೋ ಕಡೆ ಎಕರೆಗೆ ವರ್ಷಕ್ಕೆ ಹತ್ತು ಟನ್ನಿಗೂ ಹೆಚ್ಚು ಮಣ್ಣನ್ನು ಎರೆಹುಳು ಮೇಲೆ ತರುತ್ತವೆ ಎಂದು ಲೆಕ್ಕ ಹಾಕಿ, 1881ರ ಅಕ್ಟೋಬರಿನಲ್ಲಿ ಪುಸ್ತಕ ತಂದ. ಅದೇ ಕೊನೆಯ ಪುಸ್ತಕ.

1882ರ ಏಪ್ರಿಲ್ 19ರಂದು ಡಾರ್ವಿನ್ ತನ್ನ ಮನೆಯಲ್ಲೇ ತೀರಿಕೊಂಡ. ಊರಿನ ಚರ್ಚಿನ ಅಂಗಳದಲ್ಲಿ, ಸತ್ತ ಮಕ್ಕಳ ಪಕ್ಕ ಮಲಗಬೇಕೆಂದು ಇದ್ದವನನ್ನು ದೇಶ ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬೆಗೆ ಒಯ್ದಿತು. ಎಮ್ಮಾ ಅಲ್ಲಿಗೆ ಹೋಗಲಿಲ್ಲ. ಪಾಲಿಗೆ ಗಂಟಲು ಬಾತು, ಎಲ್ಲೋ ಮೂಲೆ ಹುಡುಕಿ ಹೋಗಿ ಮಲಗುತ್ತಿತ್ತು. ಯಜಮಾನ ಹೋದ ಕೆಲವೇ ದಿನಗಳಲ್ಲಿ ಅದರ ನೋವು ನೋಡಲಾಗದೆ ಕೊನೆಗಾಣಿಸಿ, ತೋಟದ ಸೇಬಿನ ಮರದ ಕೆಳಗೆ ಮಣ್ಣು ಮಾಡಿದರು. ಎಮ್ಮಾ ಇನ್ನೂ ಹದಿನಾಲ್ಕು ವರ್ಷ ಇದ್ದಳು. ಚಳಿಗಾಲ ಕೇಂಬ್ರಿಜ್‌ನಲ್ಲಿ ಮಕ್ಕಳ ಹತ್ತಿರ, ಬೇಸಗೆ ಡೌನ್‌ನಲ್ಲಿ. 1896ರ ಅಕ್ಟೋಬರ್ 2ರಂದು ಹೋದಾಗ ಆ ಊರಿನ ಚರ್ಚಿನ ಅಂಗಳದಲ್ಲೇ ಜಾಗವಾಯಿತು. ಆ ಮನೆ ಈಗ ವಸ್ತುಸಂಗ್ರಹಾಲಯ. ಹೋದವರು ಸ್ಯಾಂಡ್‌ವಾಕ್ ಸುತ್ತಿ ಬರಬಹುದು.

ನಮ್ಮ ಮನೆಯಲ್ಲಿ ಈಗ ಕೆಂಚ ಇದೆ. ಪಕ್ಕದ ಬಾಡಿಗೆಯವರು ವರ್ಗವಾಗಿ ಹೋಗುವಾಗ ಬಿಟ್ಟುಹೋದ ನಾಯಿ. ಮೂರು ದಿನ ಅವರ ಬೀಗದ ಬಾಗಿಲ ಮುಂದೆ ಮಲಗಿದ್ದು, ನಾಲ್ಕನೆಯ ದಿನ ನನ್ನ ಹೆಂಡತಿ ಇಟ್ಟ ಮೊಸರನ್ನಕ್ಕೆ ಬಂತು. ಪಶು ಆಸ್ಪತ್ರೆಗೆ ಒಯ್ದು ಹುಚ್ಚುನಾಯಿ ರೋಗದ ಲಸಿಕೆ ಹಾಕಿಸಿದ್ದೇನೆ. ವರ್ಷ ವರ್ಷ ಹಾಕಿಸಬೇಕು. ಸಂಜೆ ಕೆರೆ ಏರಿಯ ಮೇಲೆ ಮೂವರೂ ಹೋಗುತ್ತೇವೆ. ದಾರಿಯಲ್ಲಿ ನಾನು ಪುಸ್ತಕದಂಗಡಿಯ ಕಡೆ ತಿರುಗಿದರೆ ಅದರ ಮುಖ ಬಾಬ್‌ನದೇ. ರಾತ್ರಿ ಊಟವಾದ ಮೇಲೆ ಚೌಕಾಬಾರ, ದಿನಕ್ಕೆ ಎರಡೇ ಆಟ. ಕ್ಯಾಲೆಂಡರಿನ ಹಿಂಬದಿಯಲ್ಲಿ ಲೆಕ್ಕ ಬರೆಯುವವಳು ಅವಳು. ನಿನ್ನೆಗೆ ನಾನು 141, ಅವಳು 188.

‘ರೀ, ಇದರ ವರ್ಗಮೂಲ ಎಷ್ಟು ಬರುತ್ತೆ ನೋಡಿ’ ಎನ್ನುತ್ತಿದ್ದಾಳೆ.